ಸೀರಮ್ ಹಾಕಿದ ಸಾಲು

"ಬೂಷ್ಟಮ್ಮಾ, ಇಲ್ನೋಡು! ಒಂದಾದ್ರೂ ಮಬ್ಬಾಗಿದೆಯಾ? ರೋಗಾಣು ಬೆಳೆದೇ ಇಲ್ಲ!"

ಪ್ರಯೋಗಾಲಯದ ಕಿಟಕಿಯ ಸಂಜೆ ಬೆಳಕಿಗೆ ಟ್ಯೂಬುಗಳನ್ನು ಹಿಡಿದು ಅವನು ಕುಣಿಯುತ್ತಿದ್ದ. ರೋಗಾಣು ಬೆಳೆಸುವ ಕೆಲಸದವಳೆಂದು ಅವಳಿಗೆ ಬೂಷ್ಟಮ್ಮ ಅಂತ ಹೆಸರಿಟ್ಟವನೂ ಅವನೇ. ಔಷಧಿ ಮಾಡುವ ಅವನನ್ನು ಅವಳು ಕಷಾಯ ಅನ್ನುತ್ತಿದ್ದಳು, ಅದೂ ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

ಕೀವಿನ ರೋಗಾಣು ತನ್ನ ಮೈಹೊದಿಕೆಗೆ ಬೇಕಾದ ಕೊಬ್ಬನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕಷಾಯನ ಔಷಧಿ ಆ ಅಡುಗೆಮನೆಗೆ ಬೀಗ ಜಡಿಯುತ್ತಿತ್ತು. ನಾಳೆ ಬೆಳಿಗ್ಗೆ ಔಷಧಿ ಪರಿಶೀಲಿಸುವ ಸಮಿತಿ ಮೆಚ್ಚಿದರೆ ಅವನ ಕೆಲಸ ಉಳಿಯುತ್ತದೆ, ಅವನ ಅಮ್ಮ ಹೆಣ್ಣು ಕೇಳಲು ಅವಳ ಮನೆಗೆ ಬರುತ್ತಾರೆ. ಇಲ್ಲದಿದ್ದರೆ ದೂರದೂರಿನಲ್ಲಿ ಭಾವನ ಬಣ್ಣದ ಕಾರ್ಖಾನೆ, ಜೊತೆಗೆ ಭಾವನ ತಂಗಿಯೊಂದಿಗೆ ಮದುವೆ.

"ಇನ್ನೂ ಸೀರಮ್ ಹಾಕಿ ನೋಡಿಲ್ಲ," ಎಂದಳು.

ಕುಣಿತ ನಿಂತಿತು. "ಹಾಕಲೇಬೇಕಾ?"

"ಕಾಯಿಲೆಯವರ ಮೈಯಲ್ಲಿ ಓಡೋದು ರಕ್ತ ಕಣೋ. ಅದರ ತಿಳಿಯಲ್ಲಿ, ಅಂದ್ರೆ ಸೀರಮ್‌ನಲ್ಲಿ, ಕೊಬ್ಬು ತೇಲ್ತಿರುತ್ತೆ. ಈ ಕಳ್ಳನ ಹತ್ರ ಅದನ್ನ ಕತ್ತರಿಸೋಕೆ ಒಂದು ಎಂಜೈಮ್, ಎಳ್ಕೊಂಡು ಮೈಗೆ ಹೊದ್ಕೊಳ್ಳೋಕೆ ಇನ್ನೊಂದು. ತನ್ನ ಮನೆಗೆ ಬೀಗ ಬಿದ್ರೆ ಪಕ್ಕದ ಮನೇಲಿ ತಟ್ಟೆ ಹಾಕ್ಕೊಂಡು ಕೂರ್ತಾನೆ."

"ಅಜ್ಜಿ ಕಥೆ ಚೆನ್ನಾಗಿದೆ. ಆದ್ರೆ ಸೀರಮ್ ಬಾಟಲಿ ಖಾಲಿ ಅಲ್ವಾ?"

ಆ ದನಿಯಲ್ಲಿದ್ದ ಆಸೆ ಅವಳಿಗೆ ಕೇಳಿಸಿತು. ಖಾಲಿ ಬಾಟಲಿಯನ್ನು ಅವನ ಮುಂದಿಟ್ಟಳು. ಅವನು ಅವಳನ್ನೇ ನೋಡಿ, ಮೆಲ್ಲಗೆ ಅಂಗಿಯ ತೋಳು ಮಡಚಿದ.

"ಆಯ್ತು ತಾಯಿ. ನನ್ನ ರಕ್ತವೇ ತಗೋ."

ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು. ರಬ್ಬರ್ ಪಟ್ಟಿ ಬಿಗಿದು ನರ ಹುಡುಕುವಾಗ ಬೆರಳು ಬೇಕೆಂದೇ ದಾರಿ ತಪ್ಪಿತು.

"ನರ ಸಿಗ್ಲಿಲ್ವಾ?"

"ಸಿಕ್ತು."

"ಮತ್ತೆ?"

"ಸುಮ್ನಿರು."

ಅವಳ ಕಿವಿ ಕೆಂಪಾದದ್ದನ್ನು ಅವನು ನೋಡಿದ. ನೋಡಿ, ಗೋಡೆಯ ಕಡೆ ತಿರುಗಿ ನಕ್ಕ.

ಆ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಮೇಲೆ ನಿಂತ ಹೊಂಬಣ್ಣದ ತಿಳಿಯನ್ನು ಹೊಸ ಟ್ಯೂಬುಗಳಲ್ಲಿ ಅರ್ಧದಷ್ಟಕ್ಕೆ ಬೆರೆಸಿದಳು. ಎಲ್ಲಕ್ಕೂ ಔಷಧಿ ಹಾಕಿದಳು, ರೋಗಾಣು ಬಿಟ್ಟಳು. ನನ್ನ ಮಾತು ಸುಳ್ಳಾಗಲಿ ಎಂದು ಕಂಡಕಂಡ ದೇವರಿಗೆಲ್ಲ ಕೈಮುಗಿದಳು.

ಬೆಳಿಗ್ಗೆ ಸೀರಮ್ ಇಲ್ಲದ ಸಾಲು ತಿಳಿಯಾಗಿತ್ತು. ಸೀರಮ್ ಹಾಕಿದ ಸಾಲು ಅಕ್ಕಿ ತೊಳೆದ ನೀರು. ಅವನ ರಕ್ತದ ಕೊಬ್ಬನ್ನೇ ತಿಂದು, ಅವನ ಔಷಧಿಗೆ ಸೊಪ್ಪು ಹಾಕದೆ, ರೋಗಾಣು ಕೊಬ್ಬಿ ಬೆಳೆದಿತ್ತು.

"ನನ್ನ ರಕ್ತವೇ ನನಗೆ ಕೈಕೊಡ್ತು," ಎಂದ.

"ನನ್ನದು ಹಾಕಿದ್ರೂ ಇದೇ ಆಗ್ತಿತ್ತು ಕಣೋ."

"ತಿಳಿ ಸಾಲು ಮಾತ್ರ ತೋರಿಸಿ ಬಂದ್ರೆ, ನನ್ನ ಮದ್ವೆ ಆಗ್ತೀಯಾ?"

ಎಷ್ಟೋ ದಿನದಿಂದ ಕಾದಿದ್ದ ಮಾತು ಇಂಥ ಹೊತ್ತಿನಲ್ಲಿ ಬರಬೇಕೇ!

"ಆಗ್ತೀನಿ," ಎಂದಳು. "ಅದಕ್ಕೇ ಹೆದರಿಕೆ. ಆಮೇಲೆ ಈ ಔಷಧಿ ಕುಡಿದೂ ಗುಣವಾಗದೆ ಮಲಗಿದವರ ಮುಖಾನ ಇಬ್ಬರೂ ಹೇಗೆ ನೋಡೋದು?"

ಪಕ್ಕದ ಕೋಣೆಯಿಂದ ಸಮಿತಿಯವರು ಕರೆದರು. ಅವನು ತಿಳಿ ಸಾಲನ್ನು ಎತ್ತಿಕೊಂಡ. ನಿಂತ. ಮತ್ತೆ ಬಗ್ಗಿ ಮಬ್ಬು ಸಾಲನ್ನೂ ಎತ್ತಿಕೊಂಡ. ಎರಡನ್ನೂ ತೋರಿಸಿದರೆ ಬಣ್ಣದ ಕಾರ್ಖಾನೆಯೇ ಗತಿಯೆಂದು ಇಬ್ಬರಿಗೂ ಗೊತ್ತಿತ್ತು.

"ಬಾಗಿಲು ತೆಗಿ, ಬೂಷ್ಟಮ್ಮ. ಎರಡೂ ಕೈ ತುಂಬಿದೆ."

ಅವಳು ತೆಗೆದು ಹಿಡಿದಳು. ಅವನು ದಾಟಿ ಹೋದ ಮೇಲೂ ಹಿಡಿದೇ ನಿಂತಿದ್ದಳು.