ಮೂರನೇ ಶೀಟು

ಕಬ್ಬಿಣದ ಕಪಾಟು ನನ್ನ ಎದೆಗೆ ಬಂದು ಒತ್ತಿತು.

ಲೈಬ್ರರಿಯ ನೆಲಮಾಳಿಗೆ ಸಾರ್. ಮಧ್ಯಾಹ್ನ ಮೂರು ಗಂಟೆ. ಅಲ್ಲಿನ ಕಪಾಟುಗಳು ಹಳಿಯ ಮೇಲೆ ಓಡುತ್ತವೆ. ತುದಿಯಲ್ಲಿ ಒಂದು ಚಕ್ರ. ತಿರುಗಿಸಿದರೆ ಎರಡು ಕಪಾಟು ಕೂಡಿಕೊಳ್ಳುತ್ತವೆ. ನಡುವೆ ಮನುಷ್ಯ ಇದ್ದಾನೋ ಇಲ್ಲವೋ, ಅವಕ್ಕೆ ಗೊತ್ತಾಗುವುದಿಲ್ಲ.

ತಿರುಗಿಸುತ್ತಿದ್ದವನಿಗೆ ಚೆನ್ನಾಗಿ ಗೊತ್ತಿತ್ತು.

"ಪುಸ್ತಕ ಈ ಕಡೆ ಎಸಿ."

ಕಂಟ್ರಾಕ್ಟರನ ಮೇಸ್ತ್ರಿ. ಬೆಳಗ್ಗೆ ಸೈಟಿನಿಂದಲೇ ನನ್ನ ಬೆನ್ನು ಹತ್ತಿದ್ದ.

"ಕೈ ಆಡ್ತಿಲ್ಲ. ಸ್ವಲ್ಪ ಹಿಂದಕ್ಕೆ ಬಿಡು, ಕೊಡ್ತೀನಿ."

"ಬೇಡ ಬಿಡು. ಆಮೇಲೆ ನಾನೇ ತಗೋತೀನಿ."

ಇನ್ನೊಂದು ಸುತ್ತು. ಪಕ್ಕೆಲುಬು ಲಟಕ್ಕೆಂದಿತು. ಕೆಳಗಿನ ಸಾಲಿನಿಂದ ಬೇರೊಂದು ದಪ್ಪ ಸಂಪುಟವನ್ನು ಕಾಲಿನಲ್ಲೇ ಎಳೆದು ಹಳಿಯ ಮೇಲೆ ಬೀಳಿಸಿದೆ. ಕಪಾಟು ಅದನ್ನು ಕಚ್ಚಿಕೊಂಡು ನಿಂತಿತು. ಚಕ್ರ ಅಲುಗಲಿಲ್ಲ.

ಅಷ್ಟರಲ್ಲಿ ತಳ್ಳುಗಾಡಿಯ ಸದ್ದು... ಲೈಬ್ರರಿಯನ್ ಮೇಡಂ. ಮೇಸ್ತ್ರಿ ಮೆಟ್ಟಿಲು ಹತ್ತಿ ಓಡಿದ.

ಮೊದಲಿಂದ ಹೇಳುತ್ತೇನೆ.

ಹಳೆಯ ಕಟ್ಟಡಗಳ ಜಾತಕ ತೆಗೆಯುವುದು ನನ್ನ ಕಸುಬು. ಯಾರು ಕಟ್ಟಿದರು, ಯಾವಾಗ, ಎಲ್ಲಿ ಕದ್ದುಮುಚ್ಚಿ ಕೈಯಾಡಿಸಿದರು... ವಕೀಲರಿಗೆ, ಬಾಡಿಗೆದಾರರಿಗೆ ಬೇಕಾಗುತ್ತದೆ. ಈ ಸಲ ಬಂದವಳು ಒಬ್ಬ ಟೈಲರಮ್ಮ. ಮೂರು ಮಹಡಿಯ ಹಳೆಯ ಕಟ್ಟಡ. ಮೇಲಿನ ಮಹಡಿಯಲ್ಲಿ ಅವಳೂ ಮೂವತ್ತು ಹೆಂಗಸರೂ ಬಟ್ಟೆ ಹೊಲಿಯುತ್ತಾರೆ. ಕೆಳಗೆ ಶೋರೂಮಿಗಾಗಿ ಗೋಡೆ ಒಡೆಯಲು ಕಂಟ್ರಾಕ್ಟರನೊಬ್ಬನ ಸಿದ್ಧತೆ.

"ಡ್ರಿಲ್ ಶುರು ಮಾಡಿದ್ರೆ ನಮ್ಮ ಮಿಷನ್‌ಗಳು ತಾವಾಗೇ ಜರುಗ್ತವೆ ಸಾರ್. ನಮ್ಮ ನೆಲ ಯಾವುದರ ಮೇಲೆ ನಿಂತಿದೆ, ಅಷ್ಟು ಹೇಳಿ ಸಾಕು."

"ಆರ್ಕಿಟೆಕ್ಟ್ ಯಾರು?"

ಹೇಳಿದಳು. ನನ್ನ ತಮ್ಮ.

ಆ ಕ್ಷಣವೇ ಒಪ್ಪಿಕೊಂಡೆ. ಅವಳ ನೆಲದ ಚಿಂತೆಯಿಂದಲ್ಲ, ಸಾರ್. ತಮ್ಮನ ತಪ್ಪು ಹಿಡಿಯುವ ಆಸೆಯಿಂದ.

ನಮ್ಮಪ್ಪ ಕಟ್ಟಡಗಳ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ತಮ್ಮನ ಕೈ ಹಿಡಿದು ಗೆರೆ ಎಳೆಯುವುದನ್ನು ಕಲಿಸಿದರು. ಇಟ್ಟಿಗೆ ಜೋಡಿಸಿದ ಹಾಗೆ ಅಕ್ಷರ ಬರೆಯುವುದನ್ನು ಕಲಿಸಿದರು. ನನಗೆ ಕಲಿಸಿದ್ದು ಅವರಿಬ್ಬರ ಪೆನ್ಸಿಲ್ ಚೂಪು ಮಾಡುವುದನ್ನು.

ಮೂರು ದಿನ ಲೈಬ್ರರಿಯಲ್ಲಿ ಕೂತೆ. ಹಳೆಯ ಪರವಾನಗಿ ರಿಜಿಸ್ಟರಿನಲ್ಲಿ ಒಂದು ವಿಷಯ ಸಿಕ್ಕಿತು. ಮೇಲಿನ ಮಹಡಿ ಆಮೇಲೆ ಏರಿಸಿದ್ದು. ಅದರ ನಕ್ಷೆಗಳ ಫೋಲ್ಡರ್ ತರಿಸಿದೆ. ಒಂದು, ಎರಡು, ನಾಲ್ಕು. ಮೂರನೇ ಶೀಟು ಇಲ್ಲ. ಕೊನೆಯದಾಗಿ ಫೋಲ್ಡರ್ ಕೇಳಿದವರ ಚೀಟಿ ಒಳಗೇ ಇತ್ತು.

ತಮ್ಮನ ಹೆಸರು.

ಎಂಥ ಖುಷಿ ಆಯಿತು ಅಂತೀರಿ! ಆದರೆ ಅಕ್ಷರ ಬಳ್ಳಿಯ ಹಾಗೆ ಹಬ್ಬಿತ್ತು. ತಮ್ಮ ಸತ್ತರೂ ಹಾಗೆ ಬರೆಯುವುದಿಲ್ಲ. ಬೇರೆ ಯಾರದೋ ಕೈ ಎಂದು ಗೊತ್ತಾಯಿತು. ಗೊತ್ತಾಗದವನ ಹಾಗೆ ಚೀಟಿ ಜೇಬಿಗಿಳಿಸಿದೆ.

"ದೊಡ್ಡ ಕೆಲಸಗಳ ನಕ್ಷೆ ಕಟ್ಟಡಗಾರರ ಸಂಘದ ವಾರ್ಷಿಕ ಸಂಪುಟದಲ್ಲಿ ಅಚ್ಚಾಗ್ತಿತ್ತು. ಕೆಳಗಿದೆ, ನೋಡಿ," ಎಂದು ಕಳಿಸಿದ್ದು ಈ ಮೇಡಮ್ಮೇ. ಹಿಂದೆ ಬಂದಿದ್ದ ಮೇಸ್ತ್ರಿಗೂ ಆ ಮಾತು ಕೇಳಿಸಿರಬೇಕು. ಅದನ್ನು ಕೈಗೆತ್ತಿಕೊಂಡಾಗಲೇ ಚಕ್ರ ತಿರುಗಿದ್ದು.

ಮೇಡಂ ಚಕ್ರ ಹಿಂದಕ್ಕೆ ತಿರುಗಿಸಿದ ಮೇಲೆ ಕಪಾಟಿನಿಂದ ಈಚೆ ಬಂದವನೇ ಆ ಸಂಪುಟದ ಪುಟ ತೆರೆದೆ. ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿ ತೋರಿಸಿದ ಚಿತ್ರ. ಒಡೆಯಲಿರುವ ಗೋಡೆಯ ಹೊಟ್ಟೆಯೊಳಗೆ ಎರಡು ಕಬ್ಬಿಣದ ಕಂಬ. ಮೇಲಿನ ಮಹಡಿಯ ಭಾರವೆಲ್ಲ ಅವುಗಳ ತಲೆಯ ಮೇಲೆ.

ಮೂಲೆಯಲ್ಲಿ ನಕ್ಷೆ ಬರೆದವರ ಸಹಿ. ಅಪ್ಪನದು.

"ಪುಸ್ತಕ ಹೊರಗೆ ಕೊಡೋದಿಲ್ಲ," ಎಂದರು ಮೇಡಂ.

"ಇದಕ್ಕೋಸ್ಕರ ನನ್ನ ಪ್ರಾಣ ಹೋಗ್ತಿತ್ತು."

"ಹೋದ್ರೂ ಕೊಡೋದಿಲ್ಲ. ಜೆರಾಕ್ಸ್ ತಗೊಳ್ಳಿ. ಪೊಲೀಸಿಗೆ ನಾನು ಫೋನ್ ಮಾಡ್ತೀನಿ."

ಜೆರಾಕ್ಸ್ ಹಿಡಿದು ಸ್ಕೂಟರ್ ಓಡಿಸಿದೆ. ಉಸಿರು ಎಳೆದಾಗೆಲ್ಲ ಪಕ್ಕೆಯಲ್ಲಿ ಚೂರಿ. ನಿಧಾನಕ್ಕೆ ಹೋದರೇನು ಎಂದು ಒಂದು ಸಿಗ್ನಲ್ಲಿನಲ್ಲಿ ಅನ್ನಿಸಿತು. ಗೋಡೆ ಬೀಳಲಿ, ತಮ್ಮನ ಹೆಸರೂ ಬೀಳಲಿ... ಮೂವತ್ತೊಂದು ಹೆಂಗಸರು ನೆನಪಾದರು. ಸಿಗ್ನಲ್ ಜಂಪ್ ಮಾಡಿದೆ.

ಮೇಸ್ತ್ರಿ ನನಗಿಂತ ಮುಂಚೆ ತಲುಪಿದ್ದ. ಗೋಡೆಗೆ ಸುತ್ತಿಗೆ ಬೀಳುತ್ತಿತ್ತು. ತಮ್ಮ ಪಕ್ಕದಲ್ಲೇ ನಿಂತಿದ್ದ. ಬಿಳಿ ಶರ್ಟು. ಧೂಳಿನಲ್ಲೂ ಮಾಸದ ಇಸ್ತ್ರಿ.

"ಅಣ್ಣಾ, ನೀನೇನು ಇಲ್ಲಿ?"

"ಕೆಲಸ ನಿಲ್ಲಿಸು."

"ಅದು ಬರೀ ಅಡ್ಡಗೋಡೆ. ಡ್ರಾಯಿಂಗ್ ನೋಡಿದ್ದೀನಿ. ಕಂಟ್ರಾಕ್ಟರು ಲೈಬ್ರರಿಯಿಂದ ಕಾಪಿ ತರಿಸಿಕೊಟ್ಟಿದ್ರು."

"ಮೂರನೇದು?"

ಕೈಲಿದ್ದ ಕಾಪಿಗಳನ್ನು ತಿರುವಿದ. ಒಂದು, ಎರಡು, ನಾಲ್ಕು.

"ನೀನೇ ಹೋಗಿ ನೋಡಬಹುದಿತ್ತಲ್ಲ?"

"ಟೈಮಿರಲಿಲ್ಲ."

"ನನಗಿತ್ತು."

ಜೆರಾಕ್ಸ್ ಕೊಟ್ಟೆ. ಅವನ ಬೆರಳು ಕಂಬದ ಗೆರೆಯ ಮೇಲೆ ಇಳಿದು ಸಹಿಯ ಹತ್ತಿರ ನಿಂತಿತು.

"ಅಪ್ಪನ ಕೈ," ಎಂದ. ಆಮೇಲೆ ತಿರುಗಿ ಕೂಗಿದ. "ನಿಲ್ಸಿ! ಮೇಲಿರೋರನ್ನೆಲ್ಲ ಇಳಿಸಿ!"

ಮೂವತ್ತೊಂದು ಜನವೂ ಇಳಿದರು. ಕೊನೆಯವಳು ಬೀದಿಗೆ ಬಂದಾಗ ಒಳಗೆ ಚಾವಣಿಯಿಂದ ಬಾಗಿಲಗಲದ ಗಾರೆ ಕಳಚಿ ಬಿತ್ತು. ಗೋಡೆ ಮಾತ್ರ ತಡೆದುಕೊಂಡಿತು.

ಪೊಲೀಸರು ಬಂದರು. ಕಂಟ್ರಾಕ್ಟರ್ ಕೈ ತೊಳೆದುಕೊಂಡ. ಕಂಬ ಇರುವುದು ಗೊತ್ತಾದರೆ ಶೋರೂಮೇ ರದ್ದಾಗುತ್ತಿತ್ತು, ಅವನ ಕೆಲಸವೂ.

"ಶೀಟು ತೆಗೆದಿದ್ದು ಆರ್ಕಿಟೆಕ್ಟೇ ಸಾರ್. ಅವರ ಹೆಸರಲ್ಲಿ ಚೀಟಿ ಇದೆ, ಲೈಬ್ರರೀಲಿ ಕೇಳಿ."

ಇನ್‌ಸ್ಪೆಕ್ಟರ್ ನನ್ನ ಕಡೆ ತಿರುಗಿದರು. "ಅಲ್ಲಿಂದಲೇ ಬಂದ್ರಲ್ಲ ನೀವು. ಇದೆಯಾ?"

ತಮ್ಮ ನನ್ನನ್ನೇ ನೋಡುತ್ತಿದ್ದ. ಹುಟ್ಟಿದಾಗಿನಿಂದ ಮೊದಲ ಸಲ ಅವನ ಗೆರೆ ನನ್ನ ಕೈಯಲ್ಲಿತ್ತು. ಒಂದು "ಹೂಂ" ಸಾಕಿತ್ತು, ಸಾರ್.

ಚೀಟಿ ತೆಗೆದು ಕೊಟ್ಟೆ.

"ಹೆಸರು ಇವನದೇ. ಅಕ್ಷರ ಇವನದಲ್ಲ. ಇವನ ಕೈಲಿ ಬರೆಸಿ. ಆಮೇಲೆ ಮೇಸ್ತ್ರಿ ಕೈಲಿ ಬರೆಸಿ."

ಮೇಸ್ತ್ರಿ ಎರಡು ಅಕ್ಷರ ಬರೆದ. ಅದೇ ಬಳ್ಳಿ. ಮೂರನೆಯದಕ್ಕೆ ಪೆನ್ನು ಕೆಳಗಿಟ್ಟು ಕಂಟ್ರಾಕ್ಟರನ ಮುಖ ನೋಡಿದ. ಇಬ್ಬರನ್ನೂ ಜೀಪು ಹತ್ತಿಸಿದರು.

ಮರುದಿನ ಪತ್ರಿಕೆಯಲ್ಲಿ ದೊಡ್ಡ ಫೋಟೋ. ಸಮಯಪ್ರಜ್ಞೆಯಿಂದ ಮೂವತ್ತೊಂದು ಜೀವ ಉಳಿಸಿದ ಆರ್ಕಿಟೆಕ್ಟ್. ನನ್ನ ಹೆಸರು ಎಲ್ಲೂ ಇಲ್ಲ.

ಅವನನ್ನು ಉಳಿಸಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಸಾರ್. ಆದರೆ ಆ ಫೋಟೋದಲ್ಲಿ ಅವನು ಅಷ್ಟೊಂದು ಚೆನ್ನಾಗಿ ಕಾಣಬೇಕಾಗಿರಲಿಲ್ಲ.