ಮೂಳೆಗೆ ಬಲ ಕೊಡುವ ಮಾತ್ರೆ

ಟೈಲರ್ ಅಂಗಡಿಯ ಯಜಮಾನ ಇಸ್ತ್ರಿ ಮೇಜಿನ ಪಕ್ಕದಲ್ಲೇ ಸತ್ತು ಬಿದ್ದಿದ್ದ. ಬೆಳಗ್ಗೆ ಹತ್ತು ಗಂಟೆ. ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಯಾರದೋ ಹೊಸ ಕೋಟು ಸುಟ್ಟು ಕರಕಲಾಗಿತ್ತು.

"ಇವಳೇ ಕೊಂದಿದ್ದು!" ಸತ್ತವನ ತಮ್ಮ ಅತ್ತಿಗೆಯ ಕಡೆ ಬೆರಳು ತೋರಿಸಿ ಕೂಗಿದ. ಅವನು ಅಂಗಡಿಯ ಕಟಿಂಗ್ ಮಾಸ್ಟರ್. "ಅಣ್ಣಂಗೆ ಬಿಪಿ ಇತ್ತು. ಮಾತ್ರೆ ಕೊಡೋಳು ಇವಳು. ಕೊಟ್ಟೇ ಇಲ್ಲ. ಮೊದಲು ಒಳಗೆ ಹಾಕಿ ಮೇಡಂ!"

"ಯಾರನ್ನ ಹಾಕ್ಬೇಕು ಅಂತ ನಿನ್ನ ಕೇಳಿ ಹಾಕಲ್ಲ. ಬಾಯಿ ಮುಚ್ಚು," ಎಂದಳು ಇನ್‌ಸ್ಪೆಕ್ಟರ್. ಠಾಣೆಯವರು ಬೆನ್ನ ಹಿಂದೆ ಅವಳನ್ನು ಖಾರದ ಮೇಡಂ ಎನ್ನುತ್ತಿದ್ದುದು ಸುಮ್ಮನೆ ಅಲ್ಲ.

ಹೆಂಡತಿಯ ಕಣ್ಣಲ್ಲಿ ನೀರಿರಲಿಲ್ಲ, ಬರೀ ಉರಿ. "ಒಂದು ದಿನಾನೂ ತಪ್ಪಿಸಿಲ್ಲ. ನನ್ನ ಕೈಯಾರೆ ಕೊಟ್ಟಿದೀನಿ."

"ಅದು ಸುಳ್ಳು ಅಂತ ಶವಪರೀಕ್ಷೆ ವರದಿ ಬಂದ್ರೆ ನೀವು ಜೈಲಿಗೆ."

ಸತ್ತವನ ಜೇಬಿನಲ್ಲಿ ಎರಡು ಮಾತ್ರೆಗಳಿದ್ದ ಮಾತ್ರೆ ಪಟ್ಟಿಯ ಒಂದು ತುಂಡು ಸಿಕ್ಕಿತು. ಹೆಸರಿದ್ದ ಭಾಗ ಕತ್ತರಿಸಿ ಹೋಗಿತ್ತು. ಅಂಚು ಹಲ್ಲುಹಲ್ಲಾಗಿತ್ತು.

*

ಮೂರನೇ ದಿನ ಡಾಕ್ಟರು ವರದಿ ಓದಿ ಹಣೆ ಚಚ್ಚಿಕೊಂಡರು. ಯಜಮಾನನಿಗೆ ಔಷಧಿ ಬರೆಯುತ್ತಿದ್ದವರು ಅವರೇ.

"ಮಿದುಳಲ್ಲಿ ರಕ್ತಸ್ರಾವ. ಬಿಪಿ ಮಾತ್ರೆ ಸರಿಯಾಗೇ ತಗೊಂಡಿದ್ದಾನೆ."

"ಮತ್ತೆ ಬಿಪಿ ಏರಿದ್ದು ಹೇಗೆ?"

"ಜೊತೆಗೆ ನೋವಿನ ಮಾತ್ರೆ ಧಾರಾಳವಾಗಿ ನುಂಗಿದ್ದಾನೆ. ಚೀಟಿ ಇಲ್ಲದೆ ಔಷಧಿ ಅಂಗಡೀಲಿ ಸಿಗುತ್ತಲ್ಲ, ಅದೇ. ಜೇಬಲ್ಲಿ ಸಿಕ್ಕಿದ್ದೂ ಅದೇ. ಬಿಪಿ ಮಾತ್ರೆ ಇಳಿಸಿದ್ದನ್ನ ಇದು ಏರಿಸುತ್ತೆ. ಕಿಡ್ನಿಗೂ ಏಟು. ಇವನ ಕಿಡ್ನಿ ಮೊದಲೇ ಸೋತಿತ್ತು. ಮುಟ್ಟಲೇಬಾರದು ಅಂತ ಹೋದ ತಿಂಗಳು ಬಡ್ಕೊಂಡಿದ್ದೆ!"

"ಯಾರ ಹತ್ರ?"

"ಜೊತೇಲಿ ಬಂದಿದ್ದ ತಮ್ಮನ ಹತ್ರ. ರೋಗಿ ಆಗ ಪರೀಕ್ಷೆಗೆ ರಕ್ತ ಕೊಡೋಕೆ ಹೋಗಿದ್ದ."

*

ಇನ್‌ಸ್ಪೆಕ್ಟರ್ ನೇರ ಅಂಗಡಿಗೆ ನುಗ್ಗಿದಳು. "ನಿಮ್ಮಣ್ಣ ನೋವಿನ ಮಾತ್ರೆ ತಗೋತಿದ್ನಾ?"

"ಮಂಡಿ ನೋವಿತ್ತು. ಅತ್ತಿಗೆ ತಂದುಕೊಟ್ಟಿರ್ತಾಳೆ. ನಂಗೇನು ಗೊತ್ತು?"

"ಥೂ, ನಿನ್ನ ನಾಲಿಗೆಗಿಷ್ಟು!" ಎಂದಳು ಅತ್ತಿಗೆ.

ಮೇಜಿನ ಮೇಲೆ ಹಲ್ಲಿನ ಕತ್ತರಿ ಇತ್ತು. ಬಟ್ಟೆಯ ಅಂಚು ಬಿಚ್ಚದಂತೆ ಕತ್ತರಿಸುವುದು ಅದರಲ್ಲೇ. ಇನ್‌ಸ್ಪೆಕ್ಟರ್ ಕೈ ಹಾಕಿದಳು.

"ಮುಟ್ಟಬೇಡಿ! ಮಾಸ್ಟರ್ ಕತ್ತರಿ ಬೇರೆಯವರು ಮುಟ್ಟೋ ಹಾಗಿಲ್ಲ. ಅಣ್ಣನೂ ಮುಟ್ಟಿದೋನಲ್ಲ."

"ಅತ್ತಿಗೆ?"

"ಅವಳಿಗೆ ಅಷ್ಟು ಧೈರ್ಯ ಎಲ್ಲಿದೆ?"

ಇನ್‌ಸ್ಪೆಕ್ಟರ್ ಕಾಗದವೊಂದನ್ನು ಅದೇ ಕತ್ತರಿಯಲ್ಲಿ ಕತ್ತರಿಸಿ, ಜೇಬಿನಲ್ಲಿ ಸಿಕ್ಕ ತುಂಡಿನ ಪಕ್ಕ ಇಟ್ಟಳು. ಹಲ್ಲಿಗೆ ಹಲ್ಲು ಕೂತಿತು. ಮಾಸ್ಟರ್ ಕಡೆ ತಿರುಗಿದಳು.

"ಹೆಸರು ಕಾಣಬಾರದು ಅಂತ ಕತ್ತರಿಸಿದ್ದೀಯ. ಕೈಗೆ ಸಿಕ್ಕಿದ್ದು ಈ ಕತ್ತರಿ. ಡಾಕ್ಟರು ಬೇಡ ಅಂದಿದ್ದು ಗೊತ್ತಿದ್ದವನು ಈ ಮನೇಲಿ ನೀನೊಬ್ಬನೇ. ಏನಂತ ಹೇಳಿ ನುಂಗಿಸಿದೆ?"

ಅವನು ಹಲ್ಲು ಕಡಿದ. "ಮೂಳೆಗೆ ಬಲ ಅಂತ. ಇಪ್ಪತ್ತು ವರ್ಷ ಇಲ್ಲಿ ಬಟ್ಟೆ ಕತ್ತರಿಸಿದೋನು ನಾನು. ಉಯಿಲಲ್ಲಿ ಅಂಗಡಿ ಮಾತ್ರ ಇವಳ ಹೆಸರಿಗಂತೆ! ಇವಳು ಜೈಲಿಗೆ ಹೋಗಿದ್ರೆ ನಂಗೇ ಸೇರ್ತಿತ್ತು. ಆದ್ರೂ ನಾನು ಕೊಟ್ಟಿದ್ದು ವಿಷ ಅಲ್ಲ. ಅಣ್ಣನ ನೋವು ಹೋಯ್ತು ತಾನೆ?"

"ಹೋಯ್ತು," ಎಂದಳು ಅತ್ತಿಗೆ. ಈಗ ಅವಳ ಕಣ್ಣಲ್ಲಿ ನೀರು ಬಂತು. "ಮಂಡಿ ಹಗುರಾಯ್ತು ಕಣೇ, ನನ್ನ ತಮ್ಮ ದೇವರಂಥವನು ಅಂದ್ರು. ಅಂಗಡಿ ಅರ್ಧ ಅವನ ಹೆಸರಿಗೂ ಬರೀತೀನಿ ಅಂತ ಹೋಗೋ ಹಿಂದಿನ ದಿನ ತಾನೆ ವಕೀಲರಿಗೆ ಫೋನ್ ಮಾಡಿದ್ರು."

ಇನ್‌ಸ್ಪೆಕ್ಟರ್ ಮಾಸ್ಟರ್ ಕೈಗೆ ಕೋಳ ಹಾಕಿದಳು.