ಮೇ ತಿಂಗಳ ಖಾಲಿ ಸಾಲುಗಳು

ಫಿಂಟನ್ ಟ್ಯಾನ್ಸಿಗೆ ಒಂಬತ್ತು ವರ್ಷವಾಗಿದ್ದಾಗ ಅವನ ತಾಯಿ ಅವನ ಕೈ ಹಿಡಿದುಕೊಂಡು ಥೇಡಿ ಫ್ಲ್ಯಾನಲಿಯ ಮನೆಗೆ ಹೋಗಿದ್ದಳು. ಸ್ಲೈಗೋ ಪಟ್ಟಣದಿಂದ ಕಿಲ್‌ಬ್ರಾಕನ್ನಿಗೆ ಅಂದು ನೇರ ಬಸ್ಸಿರಲಿಲ್ಲ. ಕೊನೆಯ ನಾಲ್ಕು ಮೈಲಿ ಕೆಸರು ತುಳಿದುಕೊಂಡೇ ಹೋದರು. ಗಂಡ ತೀರಿಕೊಂಡಿದ್ದ, ತವರು ಅಂತ ಒಂದು ಇದೆ ಎನ್ನುವಷ್ಟಾದರೂ ಆಸರೆ ಅವಳಿಗೆ ಬೇಕಿತ್ತು. "ನಾನು ನಿನ್ನ ಸೋದರತ್ತೆ ಹೊನೋರಾಳ ಮಗಳು" ಎಂದಳು. ಥೇಡಿ ಅರ್ಧ ಬಾಗಿಲ ಮೇಲೆ ಮೊಣಕೈ ಊರಿ, ಬಾಯಿಂದ ಪೈಪು ತೆಗೆಯದೆ, "ಹಾಗಂತ ಯಾವ ಕಾಗದದಲ್ಲಿ ಬರ್ದಿದೆಯಮ್ಮ?" ಎಂದು ಕೇಳಿದ. ಒಳಗೆ ಬಾ ಎನ್ನಲಿಲ್ಲ, ಚಹಾ ಕೊಡಲಿಲ್ಲ. ಆ ಸೀಮೆಯಲ್ಲಿ ಬಾಗಿಲಿಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದಕ್ಕಿಂತ ನಾಯಿ ಬಿಡುವುದು ಎಷ್ಟೋ ಮರ್ಯಾದೆ. ಅವಳು ಸಾಯುವವರೆಗೂ ಆ ದಿನದ ಮಾತೆತ್ತಲಿಲ್ಲ.

ಆ ಹುಡುಗ ದೊಡ್ಡವನಾಗಿ ಕಾಗದದ ಕಸುಬನ್ನೇ ಹಿಡಿದ. ಅಮೆರಿಕದಿಂದ ಬರುವವರಿಗೆ ಅವರ ಮುತ್ತಜ್ಜಂದಿರನ್ನು ಹುಡುಕಿಕೊಡುವುದು ಅವನ ಕೆಲಸ. ಕೂಸುಗಳ ಜ್ಞಾನಸ್ನಾನ ಬರೆದಿಡುವ ಚರ್ಚಿನ ಪುಸ್ತಕ, ಸರ್ಕಾರದ ಮದುವೆ ದಾಖಲೆ, ಗೋರಿಕಲ್ಲು ಎಲ್ಲವನ್ನೂ ಮೂವತ್ತು ವರ್ಷ ಜಾಲಾಡಿದ. ಕೆಂಪು ಮುಖದ ಧಡೂತಿ ಗಂಡಸರು ಯಾವುದೋ ಹಾಳು ಗೋಡೆಯ ಮುಂದೆ ನಿಂತು ಗಳಗಳ ಅಳುವಾಗ ಇವನು ಪಕ್ಕದಲ್ಲಿ ಟೋಪಿ ತೆಗೆದು ನಿಲ್ಲುತ್ತಿದ್ದ. ಮನೆಯಲ್ಲಿ ಕೇಳಿದ ಕತೆಗಳನ್ನು ಅವರು ಹೇಳತೊಡಗಿದರೆ ನಯವಾಗಿಯೇ ತಡೆಯುತ್ತಿದ್ದ: "ಅಜ್ಜಿ ಹೇಳಿದ್ದು ಅಜ್ಜಿ ಹತ್ರಾನೇ ಇರ್ಲಿ ಸಾರ್. ಕಾಗದ ಇದ್ರೆ ನೆಂಟ, ಇಲ್ದಿದ್ರೆ ಇಲ್ಲ."

ಊರವರ ಬೇರನ್ನೆಲ್ಲ ಹುಡುಕಿಕೊಟ್ಟವನಿಗೆ ತನ್ನ ಸ್ವಂತ ಅಜ್ಜಿಯೇ ಸಿಗಲಿಲ್ಲ. ಹೊನೋರಾಳ ಮದುವೆ ದಾಖಲೆಯಲ್ಲಿ ತಂದೆ 'ಜಾನ್ ಫ್ಲ್ಯಾನಲಿ, ರೈತ' ಎಂದಷ್ಟೇ ಇತ್ತು, ಊರಿರಲಿಲ್ಲ. ಆ ಹೆಸರಿನ ರೈತರು ಆ ಕಡೆ ಬೇಲಿಗೊಬ್ಬರಿದ್ದರು. ಅವಳ ತಂದೆ ಥೇಡಿಯ ಅಜ್ಜ, ಕರಬಾನ್ ಹಳ್ಳಿಯ ಜಾನ್ ಎಂದು ತೋರಿಸುವ ಕಾಗದ ಬೇಕಿತ್ತು. ಅವಳು ಹುಟ್ಟಿದ್ದು ೧೮೬೧ರಲ್ಲಿ, ಸಂತ ಬ್ರೆಂಡನ್ನನ ಹಬ್ಬದ ಹಿಂದಿನ ದಿನ, ಅಂದರೆ ಮೇ ಹದಿನೈದು; ಇದನ್ನು ತಾಯಿ ಸಾವಿರ ಸಲ ಹೇಳಿದ್ದಳು. ಸರ್ಕಾರ ಜನನ ಬರೆದಿಡಲು ಶುರುಮಾಡಿದ್ದು ಮೂರು ವರ್ಷದ ನಂತರ. ಹಾಗಾಗಿ ಅವಳು ಎಲ್ಲಾದರೂ ಇದ್ದರೆ ಚರ್ಚಿನ ಪುಸ್ತಕದಲ್ಲೇ ಇರಬೇಕು. ಕಿಲ್‌ಬ್ರಾಕನ್ನಿನ ಪುಸ್ತಕದಲ್ಲಿ ಇರಲಿಲ್ಲ. ಸುತ್ತಲ ಹನ್ನೆರಡು ಚರ್ಚುಗಳ ಪುಸ್ತಕಗಳಲ್ಲೂ ಇರಲಿಲ್ಲ.

ಐವತ್ತೆಂಟನೆಯ ವಯಸ್ಸಿಗೆ ಫಿಂಟನ್ ಒಂಟಿ, ಜೂಜಿನಂಗಡಿಯ ಮೇಲಿನ ಒಂದು ಥಂಡಿ ಕೋಣೆಯಲ್ಲಿ ಕೆಮ್ಮಿನ ಜೊತೆ ಸಂಸಾರ. ಆ ವರ್ಷದ ಫೆಬ್ರವರಿಯಲ್ಲಿ ಥೇಡಿ ಸತ್ತ. ಮದುವೆಯಾಗಿರಲಿಲ್ಲ, ಉಯಿಲು ಬರೆದಿರಲಿಲ್ಲ, ಅಣ್ಣತಮ್ಮಂದಿರು ಮೊದಲೇ ಹೋಗಿದ್ದರು. ವಾರಸುದಾರರು ಯಾರಾದರೂ ಇದ್ದರೆ ಬರಬೇಕೆಂದು ವಕೀಲ ಎಂಡಾ ಹೆರಾಟಿ ಪತ್ರಿಕೆಯಲ್ಲಿ ಹಾಕಿಸಿದ. ಯಾರೂ ಬರದಿದ್ದರೆ ಮನೆ, ಹೊಲ, ಕೆರೆದಂಡೆಯ ಹುಲ್ಲುಗಾವಲು ಎಲ್ಲ ಸರ್ಕಾರಕ್ಕೆ. ಫಿಂಟನ್‌ಗೆ ಆ ಮನೆ ಬೇಕಿತ್ತು, ಇಲ್ಲವೆಂದರೆ ಸುಳ್ಳು. ಆದರೆ ಅದಕ್ಕಿಂತ ಹೆಚ್ಚಾಗಿ ಫ್ಲ್ಯಾನಲಿಗಳ ಗೋರಿಕಲ್ಲಿನ ಮೇಲೆ ತನ್ನ ತಾಯಿಯ ಹೆಸರು ಕೆತ್ತಿಸಬೇಕಿತ್ತು. ಆ ಕಲ್ಲಿನ ಕೆಳಭಾಗದಲ್ಲಿ ಜಾಗವಿರುವುದನ್ನು ಅವನು ಥೇಡಿಯ ಶವಸಂಸ್ಕಾರದ ದಿನವೇ ನೋಡಿಕೊಂಡು ಬಂದಿದ್ದ.

ಸರಿ, ಇಲ್ಲದ ಕಾಗದವನ್ನು ಹುಟ್ಟಿಸಬೇಕು. ಹಾಗೆ ಹುಟ್ಟಿಸಿ ಸಿಕ್ಕಿಬಿದ್ದವರ ತಪ್ಪುಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಮೊದಲನೆಯದು ಫೋಟೋ. ಐವತ್ತರ ದಶಕದಲ್ಲಿ ಡಬ್ಲಿನ್ನಿನಿಂದ ಜನ ಬಂದು ಹಳೆಯ ಚರ್ಚು ಪುಸ್ತಕಗಳನ್ನೆಲ್ಲ ಚಿತ್ರ ತೆಗೆದುಕೊಂಡು ಹೋಗಿದ್ದರು; ಆಮೇಲೆ ಸೇರಿಸಿದ್ದು ಆ ಚಿತ್ರದಲ್ಲಿ ಇರುವುದಿಲ್ಲ, ಕಳ್ಳ ಅಲ್ಲೇ ಬಲೆಗೆ. ಆದರೆ ಕಿಲ್‌ಬ್ರಾಕನ್ನಿನ ಪುಸ್ತಕ ಆಗ ಕಳೆದುಹೋಗಿತ್ತು. ಪೂಜಾವಸ್ತ್ರಗಳ ಬೀರುವಿನ ಹಿಂದಿನಿಂದ ಅದನ್ನು ಹನ್ನೆರಡು ವರ್ಷದ ಹಿಂದೆ ಎಳೆದು ತೆಗೆದವನು ಫಿಂಟನ್ನೇ. ಅದರ ನಕಲು ಜಗತ್ತಿನಲ್ಲಿ ಎಲ್ಲೂ ಇರಲಿಲ್ಲ.

ಎರಡನೆಯದು ಜಾಗ. ೧೮೬೧ರ ಏಪ್ರಿಲ್ ಕೊನೆಗೆ ಮುದಿ ಪಾದ್ರಿಯ ನಡುಗುವ ಬರಹ ನಿಂತುಹೋಗಿತ್ತು. ಪುಟದ ತಳದಲ್ಲಿ ನಾಲ್ಕು ಸಾಲು ಖಾಲಿ. ಮರುಪುಟದಲ್ಲಿ ಜೂನ್ ಎರಡರಿಂದ ಹೊಸ ಪಾದ್ರಿ ಫಾದರ್ ಗಿಲ್ಡೇಯ ದುಂಡು ಅಕ್ಷರ. ಮುದುಕ ಸತ್ತದ್ದು ಏಪ್ರಿಲ್‌ನಲ್ಲಿ, ಗಿಲ್ಡೇಯ ನೇಮಕ ಮೇ ಒಂದಕ್ಕೆ. ಬಿಷಪ್ಪರ ಕಚೇರಿಯ ಪುಸ್ತಕದಲ್ಲಿ ಫಿಂಟನ್ ಅದನ್ನೂ ಕಣ್ಣಾರೆ ನೋಡಿದ್ದ. ಹೊಸಬ ಬಂದ ಗಡಿಬಿಡಿಯಲ್ಲಿ ಮೇ ತಿಂಗಳದ್ದು ಬರೆದಿಲ್ಲ, ಅಷ್ಟೇ. ಇಂಥ ಸೋಮಾರಿ ಪಾದ್ರಿಗಳನ್ನು ಅವನು ಬೇಕಾದಷ್ಟು ಕಂಡಿದ್ದ. ಸೋಮಾರಿ ಒಂದು ಮಗುವಿನದನ್ನಾದರೂ ಬರೆದ ಎಂದಾದರೆ ಯಾರಿಗೇನು ಆಶ್ಚರ್ಯ?

ಮಾಚಿಕಾಯಿ ಕುಟ್ಟಿ, ಅನ್ನಭೇದಿ ಬೆರೆಸಿ, ಹಳೆಯ ಕಾಲದ ಶಾಯಿಯನ್ನೇ ಮಾಡಿದ. ಹಳೆಯ ಉಕ್ಕಿನ ನಿಬ್ಬು ಹುಡುಕಿದ. ಗಿಲ್ಡೇಯ ಲ್ಯಾಟಿನ್ನನ್ನು ಎರಡು ತಿಂಗಳು ಅಭ್ಯಾಸ ಮಾಡಿದ. ಅವನ ಒಂದು ವ್ಯಾಕರಣ ತಪ್ಪನ್ನೂ ಬಿಡದೆ ಕಲಿತ. ಜ್ಞಾನತಂದೆ, ಜ್ಞಾನತಾಯಿಯಾಗಿ ಆ ಕಾಲದಲ್ಲಿ ಫ್ಲ್ಯಾನಲಿಗಳ ಪಕ್ಕದ ಹೊಲದಲ್ಲಿದ್ದ ಗಂಡ ಹೆಂಡತಿಯನ್ನು ಆರಿಸಿದ. ಹುಟ್ಟಿದ ಮರುದಿನವೇ ಜ್ಞಾನಸ್ನಾನ ಕೊಡುವುದು ಆ ಕಾಲದ ರೂಢಿ, ಹಾಗಾಗಿ ತಾರೀಖು ಮೇ ಹದಿನಾರು.

ಕಿಲ್‌ಬ್ರಾಕನ್ನಿನ ಪಾದ್ರಿಮನೆಯಲ್ಲಿ ಅವನು ಮನೆಯವನ ಹಾಗೇ ಆಗಿಬಿಟ್ಟಿದ್ದ. ಫಾದರ್ ಕ್ಯಾನಿಸ್ ಪುಸ್ತಕವನ್ನು ಅವನ ಮುಂದಿಟ್ಟು ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಅಡುಗೆ ನೋಡಿಕೊಳ್ಳುವ ಸಬೀನಾ ಲಾಫ್ಟಸ್, ಎಂಬತ್ತು ದಾಟಿದ ಮುದುಕಿ, ಬೆಣ್ಣೆ ಹಚ್ಚಿದ ರೊಟ್ಟಿ ತಂದಿಡುತ್ತಿದ್ದಳು.

"ಸತ್ತವರನ್ನ ಒಂದ್ ಗಳಿಗೆ ಮಲಗಕ್ಕೆ ಬಿಡಪ್ಪಾ ಫಿಂಟನ್. ಬದುಕಿರೋ ನೀನು ಎರಡು ತುತ್ತು ತಿನ್ನು. ಒಳ್ಳೆ ಕೊಡೆಕಡ್ಡಿ ಆಗಿದೀಯ."

"ಅಲ್ಲಿಟ್ಟು ಹೋಗು ಸಬೀನಾ, ತಿಂತೀನಿ."

"ಇವತ್ತು ಯಾರನ್ನ ಎಬ್ಬಿಸ್ತಿದೀಯ?"

"ನಿನಗೆ ಗೊತ್ತಿರೋರು ಯಾರೂ ಅಲ್ಲ."

ಈ ಹನ್ನೆರಡು ವರ್ಷದಲ್ಲಿ ಅವನು ಆಕೆಯನ್ನು ಕೇಳಿದ ಪ್ರಶ್ನೆ ಎಂದರೆ ಇನ್ನೊಂದಿಷ್ಟು ಹಾಲಿದೆಯೇ ಎನ್ನುವುದೊಂದೇ. ಒಂದು ಗುರುವಾರ ಬೆಳಗ್ಗೆ, ಆಕೆ ಹಿತ್ತಲಲ್ಲಿ ಕೋಳಿಗಳಿಗೆ ಕಾಳು ಹಾಕುತ್ತಿದ್ದಾಗ, ಮೂರೇ ನಿಮಿಷದಲ್ಲಿ ಕೆಲಸ ಮುಗಿಯಿತು. 'ಮೇ ೧೬. ಹೊನೋರಾ, ಕರಬಾನಿನ ಜಾನ್ ಫ್ಲ್ಯಾನಲಿ ಮತ್ತು ಕ್ಯಾಥರಿನ್ ಇವರ ಮಗಳು.' ಬರೆದಾದ ಮೇಲೆ ಅವನ ಕಣ್ಣು ತುಂಬಿತು. ಸುಳ್ಳೆಂದು ಅನ್ನಿಸಲೇ ಇಲ್ಲ. ಅವ್ವ ಹೇಳಿದ್ದನ್ನೇ ತಾನೇ ಬರೆದದ್ದು.

ಅದನ್ನು ತಾನೇ ಕಂಡುಹಿಡಿಯುವ ತಪ್ಪನ್ನೂ ಅವನು ಮಾಡಲಿಲ್ಲ. ಶಾಯಿ ಕಂದುಬಣ್ಣಕ್ಕೆ ತಿರುಗಲು ಬಿಟ್ಟು, ಫಾದರ್ ಕ್ಯಾನಿಸರಿಗೆ ಒಂದು ವಿನಯದ ಪತ್ರ ಬರೆದ: ಹೊನೋರಾ ಎಂಬ ಮಗುವಿನ ಹೆಸರಿದೆಯೇ, ದಯವಿಟ್ಟು ನೋಡಬೇಕು. ಅವರು ನೋಡಿದರು, ಹಿಗ್ಗಿದರು, ಪ್ರಮಾಣಪತ್ರ ಬರೆದುಕೊಟ್ಟರು.

ಸೆಪ್ಟೆಂಬರಿನಲ್ಲಿ ಹೆರಾಟಿ ಮೂಲ ಪುಸ್ತಕ ನೋಡಲು ಪಾದ್ರಿಮನೆಗೇ ಬಂದ. ನೋಡಿ ತಲೆದೂಗಿದ. ಊಟದ ಮೇಜಿನ ಮೇಲೆ ಬೈಬಲ್ ಇಟ್ಟರು. ಈ ಬರಹ ತಾನು ಪುಸ್ತಕ ಹುಡುಕಿ ತೆಗೆದ ದಿನದಿಂದ ಹೀಗೇ ಇದೆ, ಮೊದಲು ಅದರ ಮೇಲೆ ಕಣ್ಣು ಹಾಯದೆ ಹೋದದ್ದು ತನ್ನ ಅಲಕ್ಷ್ಯ ಎಂದು ಫಿಂಟನ್ ಪ್ರಮಾಣ ಮಾಡಿ ಸಹಿ ಹಾಕಿದ. ಪಾದ್ರಿ ಕೈಕುಲುಕಿ, ಯಾರಿಗೋ ಕೊನೆಯುಸಿರೆಂದು ಕರೆ ಬಂದು ಹೊರಟುಹೋದರು. ಅಷ್ಟರಲ್ಲಿ ಸಬೀನಾ ಚಹಾ ತಂದಳು. ತಟ್ಟೆ ಇಟ್ಟು, ಏಪ್ರನ್ನಿನ ಜೇಬಿನಿಂದ ಒಂದು ಲಕೋಟೆ ತೆಗೆದಳು.

"ಹೊನೋರಾ ಫ್ಲ್ಯಾನಲಿ ನಿನ್ನಜ್ಜಿ ಅಂತ ನಂಗೊಂದ್ ಮಾತು ಹೇಳ್ಬಾರ್ದಾಗಿತ್ತೇನೋ, ಮಂಕೇ! ಫಾದರ್ ಬಾಯಲ್ಲಿ ಕೇಳ್ದೆ. ಒಂದು ಕಾಗದಕ್ಕಿಂತ ಎರಡಿದ್ರೆ ಗಟ್ಟಿ ಅಂತ ಕೆರೆ ಆಚೆ ಮಠದ ಸನ್ಯಾಸಿಗಳಿಗೆ ಬರ್ಸಿದ್ದೆ. ಇವತ್ತು ಬಂತು ನೋಡು."

ವಕೀಲ ಓದಿದ. ಮಠದಲ್ಲಿ ಪ್ರಾರ್ಥನೆಗೆಂದು ಹೆಸರು ಬರೆದಿಡುವ ಹಳೆಯ ಪುಸ್ತಕದ ಕೊನೆಯ ಹಾಳೆಯಲ್ಲಿ, ೧೮೬೧ರ ಮೇ ತಿಂಗಳಲ್ಲಿ ಅಲ್ಲಿ ಜ್ಞಾನಸ್ನಾನ ಪಡೆದ ಹನ್ನೊಂದು ಮಕ್ಕಳ ಪಟ್ಟಿ ಇತ್ತು. ಏಳನೆಯದು ಹೊನೋರಾ, ಕರಬಾನಿನ ಜಾನ್ ಮತ್ತು ಕ್ಯಾಥರಿನ್ ಫ್ಲ್ಯಾನಲಿಯ ಮಗಳು, ಮೇ ಹದಿನಾರು. ಸನ್ಯಾಸಿಗಳು ಜ್ಞಾನಸ್ನಾನ ಕೊಡುವಂತಿಲ್ಲ, ಕೊಟ್ಟರೂ ಪುಸ್ತಕ ಇಡುವುದಿಲ್ಲ. ಅದಕ್ಕೇ ಫಿಂಟನ್ ಆ ಮಠದ ಮೆಟ್ಟಿಲನ್ನು ಎಂದೂ ಹತ್ತಿರಲಿಲ್ಲ. ಅವ್ವ ಹೇಳಿದ್ದು ನಿಜ. ಅವನ ಎದೆ ಸಂತೋಷದಿಂದ ಉಕ್ಕಿತು, ಮರುಕ್ಷಣವೇ ತಾನು ಬರೆದ ಸಾಲು ನೆನಪಾಯಿತು.

"ಎರಡು ಕಡೆ, ಒಂದೇ ದಿನ?" ಎಂದ ಹೆರಾಟಿ. "ಮಗುವಿಗೆ ಎರಡು ಸಲ ಸ್ನಾನ ಮಾಡ್ಸಿದ್ರಾ?"

"ಸ್ನಾನ ಮಠದಲ್ಲೇ ಆಗಿರ್ಬೇಕು ಸಾರ್," ಎಂದ ಫಿಂಟನ್. "ಮಗು ನಮ್ಮೂರಿಂದು ಅಂತ ಫಾದರ್ ಗಿಲ್ಡೇ ಅವತ್ತೇ ಇಲ್ಲೂ ಬರ್ಕೊಂಡಿದಾರೆ. ಹಾಗೆ ಮಾಡೋದುಂಟು."

ಹೆರಾಟಿ ಒಪ್ಪಿದವನಂತೆ ಪೆನ್ನಿನ ಮುಚ್ಚಳ ಹಾಕಿದ. ಫಿಂಟನ್ ಚಹಾದ ಬಟ್ಟಲಿಗೆ ಕೈ ಚಾಚಿದ.

"ಎಲ್ಲೀ ಬರ್ಕೊಳ್ಳೋದು, ಸುಮ್ನಿರು!" ಎಂದು ಸಬೀನಾ ನಕ್ಕಳು. "ಮುದಿ ಪಾದ್ರಿ ಜಾಗಕ್ಕೆ ಊರವರು ಅವರ ಸಹಾಯಕನನ್ನ ಕೇಳಿದ್ರು, ಬಿಷಪ್ಪರು ಈ ಗಿಲ್ಡೇನ ಕಳ್ಸಿದ್ರು. ಊರಿಗೂರೇ ಎದ್ದು ಚರ್ಚಿನ ಬಾಗ್ಲಿಗೆ ಹಲಗೆ ಇಟ್ಟು ಮೊಳೆ ಹೊಡೀತು. ಮೊಳೆ ಹಿಡ್ಕೊಂಡೋಳು ನಮ್ಮಜ್ಜೀನೇ. ಬಿಷಪ್ಪರು ಶಾಪ ಹಾಕಿದ್ರು, ಆ ನಾಚಿಕೆಗೆ ನಾವ್ಯಾರೂ ಹೊರಗಿನವರ ಮುಂದೆ ಬಾಯಿ ಬಿಡಲ್ಲ. ಅಷ್ಟು ದಿನ ಹುಟ್ಟಿದ ಕೂಸುಗಳನ್ನೆಲ್ಲ ದೋಣೀಲಿ ಮಠಕ್ಕೆ ಒಯ್ತಿದ್ರು. ಫಾದರ್ ಕ್ಯಾನಿಸ್ ಮೊನ್ನೆ ಮೊನ್ನೆ ಬಂದೋರು, ಅವರಿಗೇನು ಗೊತ್ತು." ಹೆರಾಟಿ ದೊಡ್ಡ ಪುಸ್ತಕವನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡು ಕಿಟಕಿಯ ಬೆಳಕಿಗೆ ತಿರುಗಿಸಿದ. ಸಬೀನಾ ವಕೀಲನ ಬಟ್ಟಲಿಗೆ ಹಾಲು ಹಾಕುತ್ತಾ ಮಾತು ಮುಗಿಸಿದಳು: "ಮೇ ತಿಂಗಳಿಡೀ ಆ ಪುಸ್ತಕ ಚರ್ಚಿನ ಒಳಗಿತ್ತು ಸ್ವಾಮಿ, ಫಾದರ್ ಗಿಲ್ಡೇ ಹೊರಗಿದ್ದರು."